ಸೆರೆಯಾಳಿನ ಆಯ್ಕೆ

ಯುದ್ಧದಲ್ಲಿ ಸೆರೆ ಸಿಕ್ಕವನು ಯುದ್ಧ ಮುಗಿದ ಮೇಲೆ ಮನೆಗೆ ಮರಳಬೇಕೆಂಬುದು ಲೋಕರೂಢಿ. ಮರಳಲಾಗದವನ ಬಗ್ಗೆ ಎಲ್ಲರಿಗೂ ಕನಿಕರ ಹುಟ್ಟುತ್ತದೆ. ಆದರೆ ಸೆರೆಯ ಬಾಗಿಲು ತೆರೆದು, ಕರೆದೊಯ್ಯಲು ತನ್ನವರೇ ಬಂದು ನಿಂತಿರುವಾಗ, ತಾನು ಬರುವುದಿಲ್ಲ, ಶತ್ರುವಿನ ನಾಡಿನಲ್ಲಿಯೇ ಉಳಿಯುವೆನೆಂದು ಹೇಳುವವನ ವಿಷಯದಲ್ಲಿ ಆ ಕನಿಕರವು ಕ್ಷಣಮಾತ್ರದಲ್ಲಿ ಬತ್ತಿಹೋಗುತ್ತದೆ. ಅವನು ದ್ರೋಹಿ ಎಂದು ಕೆಲವರು, ಬುದ್ಧಿ ಕೆಟ್ಟವನೆಂದು ಕೆಲವರು, ಹೆದರಿಸಿ ಹಾಗೆ ಹೇಳಿಸಿದ್ದಾರೆಂದು ಮತ್ತೆ ಕೆಲವರು ತೀರ್ಪು ಕೊಡುತ್ತಾರೆ. ಇವುಗಳಲ್ಲಿ ಯಾವುದು ಸತ್ಯವೆಂದು ತಿಳಿಯುವ ಬಗೆ ಯಾವುದು? ಅದನ್ನು ತಿಳಿಯುವ ಹೊಣೆ ಹೊತ್ತವನ ಧರ್ಮವೇನು?

ಈ ಪ್ರಶ್ನೆ ಕೇವಲ ತರ್ಕದ ವಿನೋದವಲ್ಲ. 1953ರಲ್ಲಿ ಇದು 22,000ಕ್ಕೂ ಹೆಚ್ಚು ಜೀವಗಳ ಪ್ರಶ್ನೆಯಾಗಿ ಭಾರತದ ಸೈನಿಕರ ಮುಂದೆಯೇ ಬಂದು ನಿಂತಿತು. ಅದನ್ನು ಎದುರಿಸಬೇಕಾದ ಮುಖ್ಯಸ್ಥರು ಕೊಡಗಿನವರಾದ ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯನವರು.

ಕೊರಿಯಾದ ಯುದ್ಧವು 1950ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಮರುವರ್ಷದ ಜುಲೈಯಲ್ಲಿಯೇ ಸಂಧಿಯ ಮಾತುಕತೆಯೂ ಮೊದಲಾಯಿತು. ಗಡಿರೇಖೆ, ಮೇಲ್ವಿಚಾರಣೆ ಮೊದಲಾದ ವಿಷಯಗಳು 1952ರ ವಸಂತದ ಹೊತ್ತಿಗೆ ಬಹುಮಟ್ಟಿಗೆ ಇತ್ಯರ್ಥವಾಗಿದ್ದವು. ಉಳಿದದ್ದು ಒಂದೇ ವಿಷಯ, ಸೆರೆಯಾಳುಗಳದು. ಎಲ್ಲರನ್ನೂ ಮರಳಿಸಬೇಕೆಂದು ಚೀನಾ ಮತ್ತು ಉತ್ತರ ಕೊರಿಯಾ ಪಟ್ಟು ಹಿಡಿದವು. ಬರಲೊಲ್ಲದವನನ್ನು ಬಲವಂತವಾಗಿ ಒಪ್ಪಿಸಲಾಗದೆಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಹಟ ಹಿಡಿದರು. ಈ ಒಂದು ವಿಷಯಕ್ಕಾಗಿ ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೆಟ್ಟಗುಡ್ಡಗಳ ಮೇಲೆ ಎರಡು ಕಡೆಯ ಯುವಕರು ಸಾಯುತ್ತಲೇ ಇದ್ದರು.

ಕಾನೂನಿನ ಅಕ್ಷರವನ್ನು ನೋಡಿದರೆ ಚೀನಾದ ವಾದವೇ ಗಟ್ಟಿಯಾಗಿತ್ತು. 1949ರ ಜಿನೀವಾ ಒಪ್ಪಂದದ 118ನೆಯ ವಿಧಿಯು ಯುದ್ಧ ನಿಂತ ಕೂಡಲೇ ತಡಮಾಡದೆ ಸೆರೆಯಾಳುಗಳನ್ನು ಬಿಡಬೇಕು, ಮರಳಿಸಬೇಕು ಎನ್ನುತ್ತದೆ. ಅವರ ಇಷ್ಟವನ್ನು ಕೇಳಬೇಕೆಂದು ಹೇಳುವುದಿಲ್ಲ. ಸೆರೆಯಾಳಿಗೆ ಬೇರೆ ದೇಶಕ್ಕೆ ಹೋಗುವ ಅವಕಾಶವಿರಲಿ ಎಂದು ಆಸ್ಟ್ರಿಯಾ ದೇಶವು ಆಗ ಮಂಡಿಸಿದ ತಿದ್ದುಪಡಿಯನ್ನು ಸಭೆಯು ತಳ್ಳಿಹಾಕಿತ್ತು. ಅದೇ ಒಪ್ಪಂದದ 7ನೆಯ ವಿಧಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೆರೆಯಾಳು ತನ್ನ ಹಕ್ಕುಗಳನ್ನು ತಾನೇ ಬಿಟ್ಟುಕೊಡಲಾರನು ಎನ್ನುತ್ತದೆ. ಇದು ಕ್ರೂರವಾದ ನಿಯಮವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಇದರ ಹಿಂದೆ ಇರುವುದು ಮನುಷ್ಯ ಸ್ವಭಾವದ ಆಳವಾದ ಅರಿವು. ಪರರ ಕಾವಲಿನಲ್ಲಿ, ಪರರು ಕೊಟ್ಟ ಕೂಳನ್ನು ಉಣ್ಣುತ್ತ ಇರುವವನ ಬಾಯಿಂದ ಬರುವ ‘ಹೌದು’ ಎಂಬ ಮಾತನ್ನು ನಂಬಲಾಗದು. ಆ ‘ಹೌದು’ ಎಂಬುದನ್ನು ಹೊರಡಿಸಲು ಕಾವಲುಗಾರನಿಗೆ ನೂರು ದಾರಿಗಳಿವೆ.

ಟ್ರೂಮನ್ನರ ಪಕ್ಷದಲ್ಲಿಯೂ ಒಂದು ನೋವಿನ ಅನುಭವವಿತ್ತು. 1945ರಲ್ಲಿ ಯಾಲ್ಟಾ ಒಪ್ಪಂದದಂತೆ ಪಶ್ಚಿಮದ ರಾಷ್ಟ್ರಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸೋವಿಯತ್ ಪ್ರಜೆಗಳನ್ನು ಸ್ಟಾಲಿನ್ನನ ಸರ್ಕಾರಕ್ಕೆ ಒಪ್ಪಿಸಿದ್ದವು. ಅವರಲ್ಲಿ ಹೋಗಲೊಲ್ಲದವರೂ ಇದ್ದರು. ಕೆಲವರು ಒಪ್ಪಿಸುವ ಮೊದಲೇ ಪ್ರಾಣ ಬಿಟ್ಟರು. ಒಪ್ಪಿಸಿದ ಮೇಲೆ ಎಷ್ಟೋ ಮಂದಿ ದುಡಿಮೆಯ ಶಿಬಿರಗಳ ಪಾಲಾದರು. ಅಂಥದನ್ನು ಮತ್ತೊಮ್ಮೆ ಮಾಡಬಾರದೆಂಬ ಸಂಕಲ್ಪವು ತಪ್ಪೆಂದು ಹೇಳಲಾಗದು. ಆದರೆ ಸೆರೆಯಲ್ಲಿದ್ದವರ ಸ್ವಾತಂತ್ರ್ಯಕ್ಕಾಗಿ ಸೆರೆಯಲ್ಲಿಲ್ಲದವರ ಪ್ರಾಣವನ್ನು ಒಂದು ವರ್ಷ ಬಲಿ ಕೊಡುತ್ತಾ ಹೋಗುವ ಅಧಿಕಾರ ಯಾರಿಗಿತ್ತು? ಆ ಬೆಟ್ಟಗಳ ಮೇಲೆ ಸತ್ತವರನ್ನು ಯಾರೂ ಡೇರೆಯೊಳಗೆ ಕೂರಿಸಿ ಅವರ ಇಷ್ಟವನ್ನು ಕೇಳಲಿಲ್ಲ. ಈ ಲೆಕ್ಕವನ್ನು ಅಂದಿನ ವಾದಿಗಳು ಎರಡೂ ಕಡೆಯಲ್ಲಿ ಬಾಯಿಬಿಟ್ಟು ಹೇಳದೆ ಹೋದದ್ದು ಅವರಿಗೆ ಶೋಭೆ ತರುವ ಸಂಗತಿಯಲ್ಲ.

ಕೊನೆಗೆ ದಾರಿ ತೋರಿದ್ದು ಭಾರತ. 1952ರ ನವೆಂಬರಿನಲ್ಲಿ ವಿ. ಕೆ. ಕೃಷ್ಣ ಮೆನನ್ನರು ವಿಶ್ವಸಂಸ್ಥೆಯಲ್ಲಿ ಮಂಡಿಸಿದ ನಿರ್ಣಯವು ಮುಂದಿನ ಒಪ್ಪಂದಕ್ಕೆ ತಳಹದಿಯಾಯಿತು. ಮರಳಲೊಲ್ಲದ ಸೆರೆಯಾಳುಗಳನ್ನು ಮೂರನೆಯವರ ವಶಕ್ಕೆ ಕೊಡುವುದು. ಅವರ ಸ್ವದೇಶದ ಪ್ರತಿನಿಧಿಗಳು ಬಂದು ತೊಂಬತ್ತು ದಿನಗಳ ಕಾಲ ತಿಳಿಯಹೇಳುವುದು. ಆಮೇಲೆ ಅವರವರ ಇಷ್ಟ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಮತ್ತು ಭಾರತ, ಈ ಐದು ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಕಾವಲಿನ ಹೊಣೆ ಹೊತ್ತ ಸುಮಾರು 6,000 ಮಂದಿಯ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ನಾಯಕರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲವನ್ನು ತುಳಿಯಕೂಡದೆಂದುದರಿಂದ, ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಸಾಗಿಸಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಇಬ್ಬರಿಗೂ ಬೇಡವಾದ ಅತಿಥಿಯಾಗಿ ಇಬ್ಬರ ಜಗಳದ ನಡುವೆ ಕೂರುವುದು ಎಷ್ಟು ಕಷ್ಟವೆಂಬುದನ್ನು ಊರಿನ ಪಂಚಾಯಿತಿಕೆ ಮಾಡಿದ ಹಿರಿಯರು ಬಲ್ಲರು.

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಮನೆಗೆ ಹೋಗಬಯಸಿದವರು ಮೊದಲು ಹೋದರು. ಆ ಮೇಲೆ ಭಾರತೀಯರ ವಶಕ್ಕೆ ಬಂದ ಒಲ್ಲದವರ ಸಂಖ್ಯೆ ಹೀಗಿತ್ತು: ದಕ್ಷಿಣದ ಕಡೆಯಿಂದ 22,604 ಮಂದಿ, ಅವರಲ್ಲಿ 14,704 ಚೀನೀಯರು ಮತ್ತು 7,900 ಕೊರಿಯನ್ನರು, ಉತ್ತರದ ಕಡೆಯಿಂದ 359 ಮಂದಿ, ಅವರಲ್ಲಿ 335 ಕೊರಿಯನ್ನರು, 23 ಅಮೆರಿಕನ್ನರು ಮತ್ತು ಒಬ್ಬ ಬ್ರಿಟಿಷ್ ಸೈನಿಕ.

ತಿಳಿಯಹೇಳುವ ಡೇರೆಗಳಲ್ಲಿ ಎರಡು ಹೊರಬಾಗಿಲುಗಳಿದ್ದವು. ಒಂದು ಸ್ವದೇಶಕ್ಕೆ, ಮತ್ತೊಂದು ಹಿಂದಿನ ಶಿಬಿರಕ್ಕೆ. ಸೆರೆಯಾಳನ್ನು ಒಳಗೆ ತಂದು ಕೂರಿಸಿ, ಐದು ರಾಷ್ಟ್ರಗಳ ಪ್ರತಿನಿಧಿಗಳ ಸಮಕ್ಷಮದಲ್ಲಿ ಅವನ ನಾಡಿನ ಅಧಿಕಾರಿಗಳು ಮಾತನಾಡುತ್ತಿದ್ದರು. ಕೊನೆಗೆ ಅವನು ಎದ್ದು ಒಂದು ಬಾಗಿಲಿನಿಂದ ಹೊರಗೆ ನಡೆಯಬೇಕು. ನ್ಯಾಯದ ಇಷ್ಟು ಸರಳವಾದ ರೂಪ ಬೇರೆ ಇರಲಾರದು. ಆದರೆ 1953ರ ಅಕ್ಟೋಬರ್ 15ರಂದು ಮೊದಲಾದ ಆ ಕಾರ್ಯದಲ್ಲಿ ಕಂಡದ್ದೇ ಬೇರೆ. ಸೆರೆಯಾಳುಗಳು ಕೂಗಿದರು, ಉಗುಳಿದರು, ಕುರ್ಚಿಗಳನ್ನು ಎತ್ತಿ ಹೊಡೆಯಲು ಹೋದರು. ಅನೇಕ ಕೊರಿಯನ್ನರು ಡೇರೆಗೆ ಬರಲೇ ಒಪ್ಪಲಿಲ್ಲ. ತೊಂಬತ್ತು ದಿನಗಳಲ್ಲಿ ತಿಳಿಯಹೇಳುವ ಕಾರ್ಯ ನಡೆದದ್ದು ಹತ್ತು ದಿನಗಳು ಮಾತ್ರ. ಡೇರೆಗೆ ಬಂದವರು ಸುಮಾರು 3,000 ಮಂದಿ.

ಏಕೆಂದರೆ ನಿಜವಾದ ತೀರ್ಮಾನಗಳು ಆ ಡೇರೆಯಲ್ಲಿ ಆಗುತ್ತಿರಲಿಲ್ಲ. ಮುಳ್ಳುತಂತಿಯ ಒಳಗೆ ಸೆರೆಯಾಳುಗಳದೇ ಒಂದು ರಾಜ್ಯವಿತ್ತು. ತೈವಾನಿನ ಪಕ್ಷದ ಮುಖಂಡರು, ಸಿಂಗ್ಮನ್ ರೀ ಪಕ್ಷದ ಮುಖಂಡರು ಅಲ್ಲಿ ಆಳುತ್ತಿದ್ದರು. ಮರಳುವ ಮನಸ್ಸುಳ್ಳವನೆಂದು ಸಂಶಯ ಬಂದವನನ್ನು ಬಡಿಯುವುದು, ಕೆಲವೊಮ್ಮೆ ಕೊಲ್ಲುವುದು ಅಲ್ಲಿ ನಡೆಯುತ್ತಿತ್ತು. ಎಷ್ಟೋ ಚೀನೀ ಸೆರೆಯಾಳುಗಳ ತೋಳಿನ ಮೇಲೆ, ಎದೆಯ ಮೇಲೆ ಕಮ್ಯುನಿಸ್ಟರನ್ನು ವಿರೋಧಿಸುವ ಘೋಷಣೆಗಳ ಹಚ್ಚೆಯನ್ನು ಹಾಕಿಸಲಾಗಿತ್ತು. ಇಂಥ ಮೈಯನ್ನು ಹೊತ್ತುಕೊಂಡು ತನ್ನೂರಿಗೆ ಮರಳುವ ಧೈರ್ಯ ಯಾರಿಗೆ ಬಂದೀತು? ಹಚ್ಚೆ ಒಂದು ಸಲ ಬಿದ್ದ ಮೇಲೆ ಅವನ ಮುಂದಿನ ‘ಇಷ್ಟ’ವೂ ಅದರೊಂದಿಗೆ ಬರೆದುಹೋಯಿತು. ಇದು ಒಂದೇ ಪಕ್ಷದ ಪಾಪವಲ್ಲ. ಕೋಜೆ ದ್ವೀಪದ ಹಿಂದಿನ ಶಿಬಿರಗಳಲ್ಲಿ ಕಮ್ಯುನಿಸ್ಟ್ ಸೆರೆಯಾಳುಗಳೂ ತಮ್ಮದೇ ನ್ಯಾಯಸ್ಥಾನಗಳನ್ನು ನಡೆಸಿ ಜೊತೆಯವರನ್ನು ಕೊಂದಿದ್ದರು.

ಈ ಶಿಬಿರಗಳಿಂದ ಸ್ವದೇಶಕ್ಕೆ ಮರಳಿದ 628 ಮಂದಿಯಲ್ಲಿ ಬಹುಪಾಲು ಜನ ಡೇರೆಯ ಬಾಗಿಲಿನಿಂದ ಹೊರಟವರಲ್ಲ. ಕತ್ತಲೆಯಲ್ಲಿ ತಂತಿಯನ್ನು ದಾಟಿ, ಅಥವಾ ಸಮಯ ನೋಡಿ ಓಡಿ, ಭಾರತೀಯ ಕಾವಲುಗಾರರ ಮರೆ ಹೊಕ್ಕವರು. ಈ ಒಂದು ಸಂಗತಿ ಆ ಶಿಬಿರದ ಸ್ಥಿತಿಯನ್ನು ಯಾವ ವರದಿಗಿಂತಲೂ ಚೆನ್ನಾಗಿ ಹೇಳುತ್ತದೆ. ಮನೆಗೆ ಹೋಗುತ್ತೇನೆಂದು ಹೇಳಲು ಓಡಿಬರಬೇಕಾದಲ್ಲಿ, ಹೋಗುವುದಿಲ್ಲವೆಂದ ಉಳಿದ ಇಪ್ಪತ್ತೊಂದು ಸಾವಿರ ಜನರ ಮಾತಿನಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ಅಂಜಿಕೆಯದು? ಹಾಗೆಂದು ಅವರೆಲ್ಲರೂ ಹೆದರಿಯೇ ಹಾಗೆಂದರೆಂದು ಹೇಳುವುದೂ ಅನ್ಯಾಯ. ಚೀನೀ ಸೈನಿಕರಲ್ಲಿ ಬಹಳ ಮಂದಿ ಮೊದಲು ಚಿಯಾಂಗ್ ಕೈ-ಶೇಕ್‌ನ ಸೈನ್ಯದಲ್ಲಿದ್ದು, ಅಂತರ್ಯುದ್ಧದಲ್ಲಿ ಸೋತು ಕೆಂಪುಸೇನೆಗೆ ಸೇರಿಸಲ್ಪಟ್ಟವರು. ಅಂಥವನಿಗೆ ತೈವಾನು ಶತ್ರುವಿನ ನಾಡೋ, ತನ್ನದೇ ಸರ್ಕಾರದ ನಾಡೋ? ‘ಶತ್ರುದೇಶ’ ಎಂಬ ಪದವೇ ಇಲ್ಲಿ ಹಿಡಿತಕ್ಕೆ ಸಿಗುವುದಿಲ್ಲ.

ಇಲ್ಲಿ ಕನ್ನಡದ ಹಳೆಯ ಮಾತೊಂದು ನೆನಪಿಗೆ ಬರುವುದು ಸಹಜ. ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವ ನಿಷ್ಠೆಯನ್ನು ಶಾಸನಗಳೂ ಪ್ರಾಚೀನ ಕಾವ್ಯಗಳೂ ‘ಜೋಳವಾಳಿ’ ಎಂದು ಕರೆದಿವೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನು ಈ ನಿಷ್ಠೆಯ ಮೂರ್ತಿ. ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ, ರಾಜ್ಯದ ಆಸೆಯನ್ನು ಮುಂದಿಟ್ಟ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ರಕ್ತದ ಲೆಕ್ಕದಲ್ಲಿ ನೋಡಿದರೆ ಕರ್ಣನು ಶತ್ರುವಿನ ಪಾಳೆಯದಲ್ಲಿ ಉಳಿಯಲು ಇಷ್ಟಪಟ್ಟವನು! ಅವನನ್ನು ಪಂಪನೂ ಹೀಗಳೆಯಲಿಲ್ಲ, ಕನ್ನಡ ಓದುಗರು ಸಾವಿರ ವರ್ಷಗಳಲ್ಲಿ ಒಮ್ಮೆಯೂ ಹೀಗಳೆದಿಲ್ಲ. ಹುಟ್ಟಿದ ಕಡೆಗೆ ಸೇರುವುದೇ ಏಕೈಕ ಧರ್ಮವೆಂದು ಈ ಪರಂಪರೆಯು ಎಂದೂ ಹೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆದರೆ ಕರ್ಣನ ಆಯ್ಕೆಗೆ ಗೌರವ ಬಂದದ್ದು ಯಾವುದರಿಂದ? ಅವನಿಗೆ ಎಲ್ಲವೂ ತಿಳಿದಿತ್ತು. ಮತ್ತು ಅವನು ಯಾರಿಗೂ ಹೆದರಿರಲಿಲ್ಲ.

ಇನ್ನೂ ಸಮೀಪದ ಉದಾಹರಣೆಯೊಂದಿದೆ. 1942ರ ಫೆಬ್ರವರಿಯಲ್ಲಿ ಸಿಂಗಪುರವು ಪತನವಾದಾಗ ಜಪಾನೀಯರಿಗೆ ಸೆರೆ ಸಿಕ್ಕ ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜನ್ನು ಸೇರಿದರು. ಸಾವಿರಾರು ಮಂದಿ ಸೇರಲೊಲ್ಲದೆ ಸೆರೆಯಲ್ಲಿಯೇ ಬವಣೆಪಟ್ಟರು. ಸೇರಿದವರನ್ನು ಬ್ರಿಟಿಷರು ದ್ರೋಹಿಗಳೆಂದು ಕೆಂಪುಕೋಟೆಯಲ್ಲಿ ವಿಚಾರಣೆಗೆ ಗುರಿಪಡಿಸಿದರೆ, ದೇಶವು ಅವರನ್ನು ವೀರರೆಂದು ಎತ್ತಿಕೊಂಡಿತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರು ಆ ಫೌಜನ್ನು ಸೇರಿದವರು. ತಿಮ್ಮಯ್ಯನವರು ಭಾರತೀಯ ಸೇನೆಯಲ್ಲಿಯೇ ಇದ್ದು ಬರ್ಮಾ ರಣರಂಗದಲ್ಲಿ ಹೋರಾಡಿದವರು. ಒಂದೇ ತಾಯಿಯ ಮಕ್ಕಳು ಒಂದೇ ಪ್ರಶ್ನೆಗೆ ಎರಡು ಉತ್ತರಗಳಾಗಿ ನಿಂತಿದ್ದರು. ಪಾನ್‌ಮುನ್‌ಜೋಮಿನ ಡೇರೆಗಳನ್ನು ನೋಡುವ ಹೊಣೆ ಇಂಥ ಮನೆಯಿಂದ ಬಂದವರಿಗೆ ಒದಗಿದ್ದು ಕಾಕತಾಳೀಯವೇ ಆದರೂ, ಅರ್ಥವಿಲ್ಲದ ಕಾಕತಾಳೀಯವಲ್ಲ.

ಉತ್ತರದ ಕಡೆಯ 23 ಅಮೆರಿಕನ್ನರ ಕಥೆಯೇ ಅಂದು ಲೋಕದ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು. ಇಪ್ಪತ್ತೆರಡು ಸಾವಿರ ಏಷ್ಯಾದವರಿಗಿಂತ ಇಪ್ಪತ್ತಮೂರು ಅಮೆರಿಕನ್ನರ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆದದ್ದು ಆ ಕಾಲದ ಒಂದು ಲಕ್ಷಣ. ಅವರ ಕಾರಣಗಳೂ ಒಂದೇ ಬಗೆಯವಲ್ಲ. ಕೆಲವರು ಕಮ್ಯುನಿಸಮ್ಮನ್ನು ನಂಬಿದರು. ಕೆಲವರು ಶಿಬಿರದಲ್ಲಿ ಜೊತೆಯವರ ವಿರುದ್ಧ ಚಾಡಿ ಹೇಳಿದ್ದರೆಂಬ ಆಪಾದನೆಗೆ ಗುರಿಯಾಗಿದ್ದರು. ಮರಳಿದರೆ ಶಿಕ್ಷೆಯಾದೀತೆಂಬ ಭಯ ಅವರಿಗಿದ್ದಿರಬೇಕು. ಮೂವರು ಕಪ್ಪುಜನಾಂಗದವರು. ಅವರಲ್ಲಿ ಮೆಂಫಿಸ್ ನಗರದ ಕ್ಲಾರೆನ್ಸ್ ಆಡಮ್ಸ್ ಎಂಬುವನು ತನ್ನ ಕಾರಣವನ್ನು ಮುಂದೆ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ: ಹುಟ್ಟಿದ ನಾಡು ಅವನನ್ನು ಸರಿಸಮಾನ ಮನುಷ್ಯನೆಂದು ಕಂಡಿರಲಿಲ್ಲ. ಜೋಳವಾಳಿಯ ತಕ್ಕಡಿಗೆ ಎರಡು ತಟ್ಟೆಗಳಿವೆ. ಸೈನಿಕನು ಪ್ರಾಣ ಕೊಡಬೇಕೆಂದಾದರೆ, ಒಡೆಯನೂ ಏನನ್ನಾದರೂ ಕೊಟ್ಟಿರಬೇಕಷ್ಟೆ. ಆದರೆ ಇದನ್ನೂ ಮರೆಯಬಾರದು: ಅವರನ್ನು ಸೆರೆಯಿಟ್ಟವರು ಕರುಣಾಳುಗಳಾಗಿರಲಿಲ್ಲ. ಕೊರಿಯಾದಲ್ಲಿ ಸೆರೆ ಸಿಕ್ಕ ಅಮೆರಿಕನ್ನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸೆರೆಯಲ್ಲಿಯೇ ಸತ್ತರು.

ಆ 23 ಮಂದಿಯಲ್ಲಿ ಒಬ್ಬನ ತಾಯಿ ಮಗನ ಮನಸ್ಸನ್ನು ತಿರುಗಿಸಲೆಂದು ಅಮೆರಿಕದಿಂದ ಟೋಕಿಯೋ ನಗರದವರೆಗೆ ಬಂದಳು. ಅಲ್ಲಿಂದ ಮುಂದೆ ಹೋಗಲು ಅವಳಿಗೆ ಅನುಮತಿ ದೊರೆಯಲಿಲ್ಲ. ರಾಷ್ಟ್ರದ ಹಕ್ಕು, ವ್ಯಕ್ತಿಯ ಹಕ್ಕು ಎಂದು ವಾದಿಸುವವರ ನಡುವೆ ಮನೆಯವರ ಹಕ್ಕನ್ನು ಕೇಳಿದವರು ಕಡಿಮೆ. ತೈವಾನಿಗೆ ಹೋದ 14,000ಕ್ಕೂ ಹೆಚ್ಚು ಚೀನೀಯರ ತಂದೆತಾಯಿಯರನ್ನು ಯಾರೂ ಕೇಳಲಿಲ್ಲ. 1987ರಲ್ಲಿ ತೈವಾನು ತನ್ನ ಜನರಿಗೆ ಚೀನಾದಲ್ಲಿರುವ ಬಂಧುಗಳನ್ನು ನೋಡಲು ಅನುಮತಿ ಕೊಡುವವರೆಗೆ ಅವರು ಮಕ್ಕಳ ಮುಖವನ್ನು ಕಾಣುವಂತಿರಲಿಲ್ಲ. ಆ ಹೊತ್ತಿಗೆ ಎಷ್ಟು ಮಂದಿ ತಂದೆತಾಯಿಯರು ಉಳಿದಿದ್ದಾರು!

ಹೀಗಿರುವಾಗ ಕಾವಲು ಹೊತ್ತವನ ಧರ್ಮವೇನು ಎಂಬ ಮೊದಲಿನ ಪ್ರಶ್ನೆಗೆ ಬರಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳನ್ನು ಎಣಿಸುವಾಗ ಅಭಯವನ್ನು ಪ್ರಾಣರಕ್ಷೆ ಎಂಬ ಅರ್ಥದಲ್ಲಿ ಹೇಳುವುದು ವಾಡಿಕೆ. ಪಾನ್‌ಮುನ್‌ಜೋಮಿನ ಪ್ರಸಂಗವು ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಭಯ ತುಂಬಿದ ಮನಸ್ಸಿಗೆ ಆಯ್ಕೆಯ ಸ್ವಾತಂತ್ರ್ಯವನ್ನು ಕೊಟ್ಟೆವೆನ್ನುವುದು ಕೈಕಾಲು ಕಟ್ಟಿದವನಿಗೆ ದಾರಿ ತೋರಿದಂತೆ. ಮೊದಲು ಅಭಯ, ಆ ಮೇಲೆ ಪ್ರಶ್ನೆ. ಈ ಕ್ರಮವು ತಪ್ಪಿದರೆ ಉತ್ತರವು ಯಾವುದೇ ಆಗಿರಲಿ, ಅದು ಕೊಟ್ಟವನದಾಗುವುದಿಲ್ಲ.

ಭಾರತೀಯರು ಇದನ್ನು ಮಾಡಲು ಯತ್ನಿಸಿದರು. 1953ರ ಸೆಪ್ಟೆಂಬರಿನಲ್ಲಿ ಸೆರೆಯಾಳುಗಳು ಮೇಜರ್ ಗ್ರೇವಾಲ್ ಎಂಬ ಅಧಿಕಾರಿಯನ್ನು ಹಿಡಿದಿಟ್ಟುಕೊಂಡಾಗ ಥೋರಟ್ ಅವರು ಆಯುಧವಿಲ್ಲದೆ ಉದ್ರಿಕ್ತ ಗುಂಪಿನ ನಡುವೆ ನಡೆದುಹೋಗಿ ಅವರನ್ನು ಬಿಡಿಸಿಕೊಂಡು ಬಂದರು. ಆದರೆ ಎಲ್ಲ ದಿನವೂ ಹಾಗಿರಲಿಲ್ಲ. ಅಕ್ಟೋಬರ್ ಮೊದಲಲ್ಲಿ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಸೆರೆಯಾಳುಗಳು ಸತ್ತರು. ಬರಲೊಲ್ಲದವರನ್ನು ಎಳೆದು ತಂದಾದರೂ ಡೇರೆಯಲ್ಲಿ ಕೂರಿಸಬೇಕೆಂದು ಆಯೋಗದ ಇಬ್ಬರು ಸದಸ್ಯರು ಒತ್ತಾಯಿಸಿದರು, ಮತ್ತಿಬ್ಬರು ಕೂಡದೆಂದರು. ಎಳೆದು ತರುವುದೆಂದರೆ ನೂರಾರು ಹೆಣಗಳು ಬೀಳುವುದೆಂದು ತಿಳಿದ ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಇದರಿಂದ ಶಿಬಿರದೊಳಗಿನ ಮುಖಂಡರ ಭಯದ ಆಳ್ವಿಕೆ ಮುರಿಯಲಿಲ್ಲವೆಂಬುದೂ ಸತ್ಯ. ಹಿಂಸೆಯಿಂದ ಅಭಯವನ್ನು ಹಂಚಲಾಗದು. ಹಿಂಸೆಯನ್ನು ಬಿಟ್ಟಾಕ್ಷಣ ಅಭಯವು ತಾನೇ ಹುಟ್ಟುವುದೂ ಇಲ್ಲ. ಈ ಇಕ್ಕಟ್ಟಿಗೆ ತಿಮ್ಮಯ್ಯನವರಲ್ಲಿ ಪರಿಹಾರವಿರಲಿಲ್ಲ. ಯಾರಲ್ಲಿಯೂ ಇರಲಿಲ್ಲ.

ಅವರ ದೊಡ್ಡತನವು ಕಂಡದ್ದು ಕೊನೆಯಲ್ಲಿ. ಗಡುವು ಮುಗಿದಾಗ ಸೆರೆಯಾಳುಗಳನ್ನೆಲ್ಲ ಸ್ವತಂತ್ರ ನಾಗರಿಕರೆಂದು ಘೋಷಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಒಂದು ಪಕ್ಷದಿಂದ ಹೊಗಳಿಕೆಯೂ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತಿಳಿಯಹೇಳುವ ಕಾರ್ಯವು ಪೂರ್ಣವಾಗಿಲ್ಲ, ಆದುದರಿಂದ ಇವರ ಇಷ್ಟ ಇಂಥದೆಂದು ಆಯೋಗವು ಹೇಳಲಾರದು ಎಂಬ ನಿಲುವಿಗೆ ಅಂಟಿಕೊಂಡು, 1954ರ ಜನವರಿ 20ರಿಂದ ಅವರನ್ನು ಮೊದಲು ಹಿಡಿದಿಟ್ಟಿದ್ದ ಪಕ್ಷಕ್ಕೇ ಹಿಂತಿರುಗಿಸಿದರು. ಹೀಗೆ ದಕ್ಷಿಣಕ್ಕೆ ಹಿಂತಿರುಗಿದವರು 21,839 ಮಂದಿ. ಶಿಬಿರದಲ್ಲಿಯೇ ಸತ್ತವರು 38 ಮಂದಿ. ಮೂರು ದಿನಗಳ ನಂತರ ವಿಶ್ವಸಂಸ್ಥೆಯ ಸೇನಾಧಿಕಾರಿಗಳು ಅವರನ್ನು ನಾಗರಿಕರೆಂದು ಬಿಟ್ಟರು. ಅದು ಅವರ ತೀರ್ಮಾನ. ಭಾರತದ ಮುದ್ರೆ ಅದರ ಮೇಲೆ ಬೀಳಲಿಲ್ಲ. ಇದನ್ನು ಹೊಣೆಗೇಡಿತನವೆಂದು ಎರಡೂ ಕಡೆಯವರು ದೂರಿದರು. ತನಗೆ ತಿಳಿಯದ್ದನ್ನು ತಿಳಿದಿದೆಯೆಂದು ಸಹಿ ಹಾಕದಿರುವುದು ಸತ್ಯವ್ರತದ ಕಠಿಣವಾದ ಭಾಗವೆಂಬುದನ್ನು ಲೆಕ್ಕಪತ್ರಕ್ಕೆ ಸಹಿ ಹಾಕುವ ಯಾವ ಟ್ರಸ್ಟಿಯೂ ಅರಿಯಬಲ್ಲನು.

ಆಯ್ಕೆ ಮಾಡಿದವರನ್ನು ಅವರವರ ದೇಶಗಳು ಹೇಗೆ ಕಂಡವು? 23 ಅಮೆರಿಕನ್ನರಲ್ಲಿ ಎಡ್ವರ್ಡ್ ಡಿಕೆನ್ಸನ್ ಮತ್ತು ಕ್ಲಾಡ್ ಬ್ಯಾಚಲರ್ ಗಡುವಿನ ಒಳಗೇ ಮನಸ್ಸು ಬದಲಿಸಿ ತಮ್ಮವರ ಬಳಿಗೆ ಬಂದರು. ಇಬ್ಬರಿಗೂ ಸೇನಾ ನ್ಯಾಯಾಲಯದ ವಿಚಾರಣೆಯಾಯಿತು. ಡಿಕೆನ್ಸನ್‌ಗೆ ಹತ್ತು ವರ್ಷ ಸೆರೆ. ಬ್ಯಾಚಲರ್‌ಗೆ ಮೊದಲು ಜೀವಾವಧಿ, ಆಮೇಲೆ ಅದು ಇಪ್ಪತ್ತು ವರ್ಷಕ್ಕೆ ಇಳಿಯಿತು. ಉಳಿದ 21 ಮಂದಿಯನ್ನು ಸೈನ್ಯವು ಅಗೌರವದಿಂದ ವಜಾ ಮಾಡಿತು. ಅವರಲ್ಲಿ ಮೂವರು 1955ರಲ್ಲಿ ಮರಳಿದಾಗ, ವಜಾ ಆದವರ ಮೇಲೆ ಸೈನ್ಯಕ್ಕೆ ಅಧಿಕಾರವಿಲ್ಲವಾದ್ದರಿಂದ ಅವರನ್ನು ಬಿಡಬೇಕಾಯಿತು. ಸೆರೆಯಲ್ಲಿದ್ದ ಕಾಲದ ಸಂಬಳವನ್ನೂ ಕೊಡಬೇಕೆಂದು 1961ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಬೇಗ ಪಶ್ಚಾತ್ತಾಪ ಪಟ್ಟವನಿಗೆ ಸೆರೆಮನೆ, ತಡವಾಗಿ ಬಂದವನಿಗೆ ಸಂಬಳ! ಕ್ಲಾರೆನ್ಸ್ ಆಡಮ್ಸ್ ಚೀನೀ ಹೆಂಡತಿಯೊಡನೆ 1966ರಲ್ಲಿ ಮೆಂಫಿಸ್‌ಗೆ ಮರಳಿ, ಮುಂದೆ ಅಲ್ಲಿಯೇ ಚೀನೀ ಊಟದ ಹೋಟೆಲನ್ನು ನಡೆಸಿದನು. ಜೇಮ್ಸ್ ವೆನೆರಿಸ್ ಎಂಬುವನು ಚೀನಾದಲ್ಲಿಯೇ ನೆಲೆಸಿ 2004ರಲ್ಲಿ ಅಲ್ಲಿಯೇ ತೀರಿಕೊಂಡನು.

ಚೀನಾಕ್ಕೆ ನಿಷ್ಠೆಯಿಂದ ಮರಳಿದ ಸುಮಾರು 7,000 ಸೆರೆಯಾಳುಗಳ ಪಾಡು ಇನ್ನೂ ಕಷ್ಟದ್ದು. ಬಡಿತವನ್ನು ಸಹಿಸಿ, ಹಚ್ಚೆಯನ್ನು ಹೊತ್ತು, ತಂತಿ ದಾಟಿ ಬಂದವರೂ ಅವರಲ್ಲಿದ್ದರು. ಬದುಕಿ ಸೆರೆ ಸಿಕ್ಕದ್ದೇ ಅಪರಾಧವೆಂಬಂತೆ ಅವರನ್ನು ತಿಂಗಳುಗಟ್ಟಲೆ ವಿಚಾರಿಸಿ, ಪಕ್ಷದ ಸದಸ್ಯರಾಗಿದ್ದವರಲ್ಲಿ ಹೆಚ್ಚಿನವರನ್ನು ಹೊರಗೆ ಹಾಕಿ, ಕಳಂಕಿತರೆಂದು ಬಾಳಿಸಲಾಯಿತು. 1980ರಲ್ಲಿ ಮಾತ್ರ ಅವರ ಹೆಸರಿನ ಮೇಲಿನ ಕಳಂಕ ತೊಳೆಯಿತು. ಮರಳಬೇಕೆಂಬ ಕರ್ತವ್ಯವನ್ನು ಅಷ್ಟು ಹಟದಿಂದ ವಾದಿಸಿದ ರಾಷ್ಟ್ರವೇ ಮರಳಿದವರನ್ನು ಹೀಗೆ ಕಂಡದ್ದನ್ನು ನೋಡಿದರೆ, ಮರಳಲು ಅಂಜಿದವನನ್ನು ದ್ರೋಹಿ ಎನ್ನಲು ನಾಲಿಗೆ ತಡೆಯುತ್ತದೆ.

ಎರಡು ಬಾಗಿಲುಗಳಲ್ಲಿ ಯಾವುದೂ ಬೇಡವೆಂದವರೂ ಇದ್ದರು. ದಕ್ಷಿಣದ ಶಿಬಿರದಿಂದ 86, ಉತ್ತರದಿಂದ ಇಬ್ಬರು, ಒಟ್ಟು 88 ಮಂದಿ ಯಾವುದಾದರೂ ತಟಸ್ಥ ದೇಶಕ್ಕೆ ಹೋಗುವೆವೆಂದರು. ಈ ಸಂಗತಿಯ ನೆರಳಿನಲ್ಲಿ ಕೊರಿಯಾದ ಲೇಖಕ ಚೋಯ್ ಇನ್-ಹೂನ್ 1960ರಲ್ಲಿ ಬರೆದ ಕಾದಂಬರಿಯ ನಾಯಕನು ತಟಸ್ಥ ದೇಶಕ್ಕೆ ಹೊರಟ ಹಡಗಿನಿಂದ ನಡುಗಡಲಲ್ಲಿ ಕಾಣೆಯಾಗುತ್ತಾನೆ. ನಿಜವಾದ 88 ಮಂದಿ 1954ರ ಫೆಬ್ರವರಿಯಲ್ಲಿ ‘ಅಸ್ಟೂರಿಯಸ್’ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದರು. ಹೆಚ್ಚಿನವರು ಮುಂದೆ ಬ್ರೆಜಿಲ್ ಮತ್ತು ಅರ್ಜೆಂಟೀನಾ ದೇಶಗಳಿಗೆ ಹೋದರು. ಕೆಲವರು ಎಲ್ಲಿಗೂ ಹೋಗದೆ, ತಮ್ಮನ್ನು ಕಾವಲು ಕಾಯ್ದವರ ದೇಶವಾದ ಭಾರತದಲ್ಲಿಯೇ ನೆಲೆಸಿದರು.